ಧೀವರನ ಮಾತು: ಈಚಿನ ಸ್ಕಾಟಿಷ್ ಸಾಹಿತ್ಯದಲ್ಲಿ ಭಾಷಾವಿಧಾನ

ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದಲ್ಲಿ ‘ಕಾರಿ ಹೆಗ್ಗಡೆಯ ಮಗಳು’ ಎಂಬ ಕಥನಕವನವಿರುವುದು ವಾಚಕರಿಗೆ ವಿದಿತವಾದ ವಿಷಯವೇ. ಅದನ್ನು ತರಗತಿಯಲ್ಲಿ ಪಾಠ ಹೇಳದ ಕನ್ನಡ ಪಂಡಿತರು ವಿರಳ. ಅದರ ಮೂಲವು ತಾಮಸ್ ಕ್ಯಾಂಬೆಲ್ ಎಂಬ ಕವಿಯದು. ಪ್ರಿಯನೊಡನೆ ಓಡಿಬಂದ ಹೆಣ್ಣು, ಬೆನ್ನಟ್ಟಿ ಬರುವ ತಂದೆ, ಬಿರುಗಾಳಿಗೆ ಮೊಗಗೊಟ್ಟು ದೋಣಿಯನ್ನು ನೂಕುವ ಅಂಬಿಗ, ಇವರೆಲ್ಲರೂ ಸ್ಕಾಟ್ಲೆಂಡಿನ ಪಡುವಣ ದ್ವೀಪಗಳವರು. ಆ ಅಂಬಿಗನು ನಿಜವಾಗಿ ಇದ್ದಿದ್ದರೆ ಅವನು ಆಡುತ್ತಿದ್ದುದು ಗೇಲಿಕ್ ಭಾಷೆಯನ್ನು. ಕ್ಯಾಂಬೆಲ್ಲನು 1777ರಲ್ಲಿ ಹುಟ್ಟಿದ ಗ್ಲಾಸ್ಗೋ ನಗರದ ಬೀದಿಯ ಮಾತು ಸ್ಕಾಟ್ಸ್. ಕವನದಲ್ಲಿರುವುದಾದರೋ ಇವೆರಡೂ ಅಲ್ಲ, ಲಂಡನ್ನಿನ ಸಭ್ಯರು ಮೆಚ್ಚುವ ಇಂಗ್ಲಿಷು. ಶ್ರೀಯವರು ಅಂಬಿಗನ ಬಾಯಿಗೆ ಕನ್ನಡವನ್ನಿತ್ತುದರಿಂದ ನಮಗೆ ಈ ಕೊರತೆಯು ಕಾಣಲಿಲ್ಲ. ಮೂಲದಲ್ಲಿ ಅವನ ಮಾತು ಅವನದಾಗಿರಲಿಲ್ಲವೆಂಬುದನ್ನು ನಾವು ಯೋಚಿಸಲೂ ಇಲ್ಲ.

ಅಂಬಿಗನ ಮಾತನ್ನು ಅಂಬಿಗನಿಗೆ ಹಿಂದಿರುಗಿಸುವ ಉದ್ಯಮವೇ ಕಳೆದ ನೂರು ವರ್ಷಗಳ ಸ್ಕಾಟಿಷ್ ಸಾಹಿತ್ಯದ ಮುಖ್ಯಕಾರ್ಯವೆಂದು ನನಗೆ ತೋರುತ್ತದೆ. ಆ ಸಾಹಿತ್ಯದ ಸಮಗ್ರಚರಿತ್ರೆಯನ್ನು ಬರೆಯುವುದು ನನ್ನ ಉದ್ದೇಶವಲ್ಲ. ಅದಕ್ಕೆ ಬೇಕಾದ ಗೇಲಿಕ್ ಜ್ಞಾನವೂ ನನಗಿಲ್ಲ. ನಮ್ಮ ಲಾಕ್ಷಣಿಕರು ‘ಭಾಷಾವಿಧಾನ’ವೆಂದು ಕರೆದಿರುವ ಒಂದೇ ವಿಷಯವನ್ನು ಹಿಡಿದು, ಮುಖ್ಯವಾಗಿ ಒಂದೇ ಗ್ರಂಥವನ್ನು ಮುಂದಿಟ್ಟುಕೊಂಡು, ಕೆಲವು ಮಾತುಗಳನ್ನು ಹೇಳುವೆನು.

ಸ್ಕಾಟ್ಲೆಂಡಿನಲ್ಲಿ ಮೂರು ಭಾಷೆಗಳುಂಟು. ಉತ್ತರದ ಮಲೆನಾಡಿನಲ್ಲಿಯೂ ದ್ವೀಪಗಳಲ್ಲಿಯೂ ಗೇಲಿಕ್. ತಗ್ಗುನಾಡಿನಲ್ಲಿ ಸ್ಕಾಟ್ಸ್, ಇದು ಇಂಗ್ಲಿಷಿನ ಒಡಹುಟ್ಟು. ಎಲ್ಲೆಡೆಯಲ್ಲಿಯೂ ಶಾಲೆಯ, ನ್ಯಾಯಸ್ಥಾನದ, ಪತ್ರಿಕೆಯ ಇಂಗ್ಲಿಷು. 2022ರ ಜನಗಣತಿಯಂತೆ ಗೇಲಿಕ್ಕನ್ನು ಸ್ವಲ್ಪಮಟ್ಟಿಗಾದರೂ ಬಲ್ಲವರು ನೂರಕ್ಕೆ ಎರಡೂವರೆ ಮಂದಿ. ಸ್ಕಾಟ್ಸನ್ನು ಬಲ್ಲೆವೆಂದವರು ನೂರಕ್ಕೆ 46ರಷ್ಟು. ಈ ಎರಡನೆಯ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಸ್ಕಾಟ್ಸ್ ಎಲ್ಲಿ ಮುಗಿದು ಇಂಗ್ಲಿಷು ಎಲ್ಲಿ ಮೊದಲಾಗುವುದೆಂಬುದು ಅಲ್ಲಿನವರಿಗೇ ನಿಶ್ಚಿತವಿಲ್ಲ. ಒಬ್ಬನೇ ಮನುಷ್ಯನು ಗೆಳೆಯನೊಡನೆ ಒಂದು ಮಾತನ್ನೂ ಮೇಷ್ಟರೊಡನೆ ಇನ್ನೊಂದು ಮಾತನ್ನೂ ಆಡುತ್ತಾನೆ. ತನ್ನದು ಭಾಷೆಯೋ ಕೆಟ್ಟ ಇಂಗ್ಲಿಷೋ ಎಂಬ ಸಂದೇಹದಲ್ಲಿಯೇ ಬೆಳೆಯುತ್ತಾನೆ.

ಈ ಸ್ಥಿತಿಗೆ ಕಾದಂಬರಿಯಲ್ಲಿ ಮೊದಲು ವ್ಯವಸ್ಥೆಯನ್ನು ಕಲ್ಪಿಸಿದವನು ಸರ್ ವಾಲ್ಟರ್ ಸ್ಕಾಟನು. ಅವನ ವ್ಯವಸ್ಥೆಯು ನಮ್ಮ ಭರತಮುನಿಯದರಂತೆಯೇ ಇದೆ. ರಾಜನೂ ಅಮಾತ್ಯನೂ ಸಂಸ್ಕೃತವನ್ನಾಡತಕ್ಕದ್ದು, ಸ್ತ್ರೀಯರೂ ಸೇವಕರೂ ಪ್ರಾಕೃತವನ್ನಾಡತಕ್ಕದ್ದು ಎಂದು ನಾಟ್ಯಶಾಸ್ತ್ರವು ವಿಧಿಸುವಂತೆ, ಸ್ಕಾಟನ ಕಾದಂಬರಿಗಳಲ್ಲಿ ಕಥೆ ಹೇಳುವವನು ಇಂಗ್ಲಿಷನ್ನೂ ರೈತನೂ ಸೇವಕಿಯೂ ಸ್ಕಾಟ್ಸನ್ನೂ ಆಡುತ್ತಾರೆ. 1818ರಲ್ಲಿ ಪ್ರಕಟವಾದ ‘ದಿ ಹಾರ್ಟ್ ಆಫ್ ಮಿಡ್ಲೋಥಿಯನ್’ ಎಂಬುದರಲ್ಲಿ ಜೀನಿ ಡೀನ್ಸ್ ಎಂಬ ಬಡ ಹೆಣ್ಣು ರಾಣಿಯ ಮುಂದೆ ನಿಂತು ತಂಗಿಯ ಪ್ರಾಣವನ್ನು ಬೇಡುವ ಮಾತು ಆ ಗ್ರಂಥದ ಶಿಖರ. ಆದರೆ ಜೀನಿಯು ಮಾತು ಮುಗಿಸಿದೊಡನೆ ಉದ್ಧರಣಚಿಹ್ನೆಯೆಂಬ ಬೇಲಿಯು ಮುಚ್ಚಿಕೊಳ್ಳುತ್ತದೆ; ಆಚೆಗೆ ನಿಂತು ಅವಳನ್ನು ಕನಿಕರದಿಂದ ನೋಡುವ ಸಭ್ಯನ ಸ್ವರವು ಪುನಃ ಕೇಳಬರುತ್ತದೆ. ಸ್ಕಾಟನಿಗೆ ಆ ಮಾತಿನ ಬೆಲೆಯು ತಿಳಿಯದೆ ಇರಲಿಲ್ಲ. ತಿಳಿದೂ ಅದನ್ನು ಬೇಲಿಯ ಒಳಗಿಟ್ಟನೆಂಬುದೇ ವಿಚಾರಾರ್ಹ.

ಇಲ್ಲಿ ನನ್ನ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಪಾಠಶಾಲೆಯಲ್ಲಿ ಶಾಕುಂತಲವನ್ನೋದುವಾಗ, ಪ್ರಾಕೃತಭಾಗವು ಬಂದಲ್ಲೆಲ್ಲ ಅದನ್ನು ದಾಟಿ ಕೆಳಗಿನ ಸಂಸ್ಕೃತಚ್ಛಾಯೆಯನ್ನೋದುವುದೇ ನಮ್ಮ ಅಭ್ಯಾಸವಾಗಿದ್ದಿತು. ಅನಂತರ ನಾನು ಪಾಠ ಹೇಳಿದುದೂ ಹಾಗೆಯೇ. ಆರನೆಯ ಅಂಕದ ಪ್ರವೇಶಕದಲ್ಲಿ, ಉಂಗುರವನ್ನು ಕದ್ದನೆಂದು ಕೈಕಟ್ಟಿಸಿಕೊಂಡು ಕಾವಲುಗಾರರಿಂದ ಏಟು ತಿನ್ನುವ ಧೀವರನುಂಟಷ್ಟೆ. ಅವನು ಆಡುವುದು ಮಾಗಧಿ. ಕಾವಲುಗಾರರು ಅವನ ಕಸಬನ್ನು ಹಳಿದಾಗ, ಹುಟ್ಟಿನಿಂದ ಬಂದ ಕೆಲಸವು ನಿಂದಿತವಾದರೂ ಬಿಡತಕ್ಕದ್ದಲ್ಲವೆಂದು ಅವನು ಎದೆಗೊಟ್ಟು ಉತ್ತರ ಹೇಳುತ್ತಾನೆ. ಆ ಮಾತನ್ನು ನಾನು ಎಷ್ಟು ಬಾರಿ ಓದಿದೆನೋ ಅಷ್ಟು ಬಾರಿಯೂ ಸಂಸ್ಕೃತದಲ್ಲಿಯೇ ಓದಿದೆನು. ಕವಿಯು ಅವನಿಗೆ ಕೊಟ್ಟ ನಾಲಗೆಯನ್ನು ಛಾಯಾಕಾರನು ಕಸಿದುಕೊಂಡನು, ನಾವು ಸಹಕರಿಸಿದೆವು. ಇದು ದೋಷವೆಂದು ನನಗೆ ತೋರಿದುದು ಸ್ಕಾಟ್ಲೆಂಡಿನ ಒಂದು ಕಾದಂಬರಿಯನ್ನೋದಿದ ಮೇಲೆ. ಅದರ ವಿಚಾರವು ಮುಂದೆ ಬರುತ್ತದೆ.

ಆ ಗ್ರಂಥಕ್ಕೆ ಮುನ್ನ ಇಬ್ಬರ ಹೆಸರನ್ನಾದರೂ ಹೇಳದೆ ಹೋಗಲಾಗದು. ಮೊದಲನೆಯವರು ಹ್ಯೂ ಮ್ಯಾಕ್‌ಡಿಯರ್ಮಿಡ್ ಎಂಬ ಕಾವ್ಯನಾಮದ ಕ್ರಿಸ್ಟೋಫರ್ ಮರ್ರೇ ಗ್ರೀವ್. 1926ರಲ್ಲಿ ಪ್ರಕಟವಾದ ಇವರ ‘ಎ ಡ್ರಂಕ್ ಮ್ಯಾನ್ ಲುಕ್ಸ್ ಅಟ್ ದಿ ಥಿಸ್ಲ್’ ಎಂಬ ದೀರ್ಘಕಾವ್ಯದಲ್ಲಿ ಕುಡಿದು ಮನೆಗೆ ಹೊರಟವನೊಬ್ಬನು ದಾರಿಯಲ್ಲಿ ಬಿದ್ದು, ಬೆಳುದಿಂಗಳಿನಲ್ಲಿ ಒಂದು ಮುಳ್ಳುಗಿಡವನ್ನು ನೋಡುತ್ತ ನಾಡಿನ ಗತಿಯನ್ನೂ ಬ್ರಹ್ಮಾಂಡವನ್ನೂ ಚಿಂತಿಸುತ್ತಾನೆ. ಇಷ್ಟು ಘನವಾದ ವಿಷಯವನ್ನು ಸ್ಕಾಟ್ಸಿನಲ್ಲಿ ಹೇಳಬಹುದೆಂದು ತೋರಿಸಿದುದೇ ಇವರ ಮಹತ್ತ್ವ. ಆದರೆ ಇವರ ಶಬ್ದಗಳಲ್ಲಿ ಬಹುಭಾಗವು ಜೇಮಿಸನ್ ಪಾದ್ರಿಯು 1808ರಲ್ಲಿ ಪ್ರಕಟಿಸಿದ ಸ್ಕಾಟ್ಸ್ ನಿಘಂಟಿನಿಂದ ಆಯ್ದವು. ಬೇರೆ ಬೇರೆ ಸೀಮೆಗಳ, ಬೇರೆ ಬೇರೆ ಕಾಲಗಳ ಮಾತುಗಳನ್ನು ಕೂಡಿಸಿ ಕಟ್ಟಿದ ಭಾಷೆ ಅದು. ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದ ನನ್ನಂತಹವನು ಇದನ್ನು ಆಕ್ಷೇಪಿಸಿದರೆ ನಗೆಗೀಡಾದಾನು. ಆದರೂ ಹೇಳಬೇಕಾದುದನ್ನು ಹೇಳುವೆನು: ಆ ಕುಡುಕನು ಆಡುವುದು ಯಾವ ಊರಿನ ಕುಡುಕನ ಮಾತೂ ಅಲ್ಲ, ಪಂಡಿತನ ಮಾತು. ಸಂಸ್ಕೃತಕ್ಕೆ ಎದುರಾಗಿ ಇನ್ನೊಂದು ಸಂಸ್ಕೃತವನ್ನು ಅವರು ನಿರ್ಮಿಸಿದರು. ಎಡ್ವಿನ್ ಮ್ಯುಯರ್ ಎಂಬ ಕವಿಯು 1936ರಲ್ಲಿ, ಸ್ಕಾಟರು ಒಂದು ಭಾಷೆಯಲ್ಲಿ ಭಾವಿಸಿ ಇನ್ನೊಂದರಲ್ಲಿ ಯೋಚಿಸುವರಾದ ಕಾರಣ ಪೂರ್ಣಸಾಹಿತ್ಯವು ಬೇಕಿದ್ದರೆ ಇಂಗ್ಲಿಷಿನಲ್ಲಿಯೇ ಬರೆಯತಕ್ಕದ್ದೆಂದು ವಾದಿಸಲು, ಇವರಿಬ್ಬರಿಗೂ ದೊಡ್ಡ ಕಲಹವಾಯಿತು. ಅದರ ವಿವರವು ಪ್ರಕೃತಕ್ಕೆ ಬೇಡ.

ಎರಡನೆಯವರು ಲೂಯಿಸ್ ಗ್ರಾಸಿಕ್ ಗಿಬನ್. ಮುವ್ವತ್ತನಾಲ್ಕು ವರ್ಷ ತುಂಬುವ ಮುನ್ನ, 1935ರಲ್ಲಿ, ತೀರಿಕೊಂಡ ಈ ಕಾದಂಬರಿಕಾರರು 1932ರ ‘ಸನ್‌ಸೆಟ್ ಸಾಂಗ್’ ಎಂಬುದರಲ್ಲಿ ಮಾಡಿದ ಕೆಲಸವು ಮ್ಯಾಕ್‌ಡಿಯರ್ಮಿಡ್ಡರದಕ್ಕಿಂತ ಸದ್ದಿಲ್ಲದುದು, ನನ್ನ ಮತದಲ್ಲಿ ಹೆಚ್ಚು ಫಲಕಾರಿಯಾದುದು. ಅವರು ಕಾಗುಣಿತವನ್ನು ಬಹಳವಾಗಿ ಕೆಡಿಸಲಿಲ್ಲ, ನಿಘಂಟನ್ನು ಅಗೆಯಲಿಲ್ಲ. ಮರ್ನ್ಸ್ ಎಂಬ ಸೀಮೆಯ ಒಕ್ಕಲಿಗರ ವಾಕ್ಯದ ಓಟವನ್ನು ಹಿಡಿದು, ಕಥೆ ಹೇಳುವವನ ವಾಕ್ಯವನ್ನೇ ಅದರಿಂದ ಹೆಣೆದರು. ಅಲ್ಲಿ ಕಥೆ ಹೇಳುವುದು ಊರು. ನಾಯಿಕೆಯಾದ ಕ್ರಿಸ್ ಗತ್ರಿಯ ಅಂತರಂಗವನ್ನೂ ಊರಿನ ಚಾಡಿಯನ್ನೂ ಒಂದೇ ‘ನೀನು’ ಎಂಬ ಸರ್ವನಾಮವು ಹೊತ್ತು ನಡೆಯುತ್ತದೆ. ಅವಳೊಳಗೆ ಪುಸ್ತಕದ ಇಂಗ್ಲಿಷನ್ನು ಬಯಸುವವಳೊಬ್ಬಳು, ಹೊಲದ ಮಾತನ್ನು ಬಿಡಲಾರದವಳೊಬ್ಬಳು, ಹೀಗೆ ಇಬ್ಬರು ಕ್ರಿಸ್‌ಗಳು. ಸ್ಕಾಟನ ಬೇಲಿಯು ಮೊದಲು ಬಿದ್ದುದು ಈ ಗ್ರಂಥದಲ್ಲಿ.

ಆದರೆ ಹಳ್ಳಿಯ ಮಾತಿಗೆ ಕವಿಗಳು ಎಂದಾದರೊಂದು ದಿನ ಮರುಳಾಗುತ್ತಾರೆ. ಹೊಲ, ಮಳೆ, ಹಕ್ಕಿ ಇವುಗಳ ಸಂಪರ್ಕದಿಂದ ಅದು ಮಧುರವೆನಿಸುತ್ತದೆ. ನಗರದ ಕೂಲಿಯವರ ಮಾತಿಗೆ ಆ ರಕ್ಷೆಯೂ ಇಲ್ಲ. ಹಡಗು ಕಟ್ಟುವ ಕಾರ್ಖಾನೆಗಳಿಂದ ಬೆಳೆದು ಅವು ಮುಚ್ಚಿದಾಗ ಬಡವಾದ ಗ್ಲಾಸ್ಗೋ ನಗರದ ಮಾತು, ಹಳ್ಳಿಯ ಸ್ಕಾಟ್ಸನ್ನು ಹೊಗಳುವವರಿಂದಲೂ ‘ಇದು ಸ್ಕಾಟ್ಸೂ ಅಲ್ಲ, ಕೊಳಕು’ ಎನ್ನಿಸಿಕೊಂಡಿತು. 1970ರ ಸುಮಾರಿನಲ್ಲಿ ಫಿಲಿಪ್ ಹಾಬ್ಸ್‌ಬಾಮ್ ಎಂಬ ಅಧ್ಯಾಪಕರ ಸುತ್ತ ಅಲ್ಲಿ ಒಂದು ಬರೆಹಗಾರರ ಗೋಷ್ಠಿಯು ಸೇರುತ್ತಿದ್ದಿತು. ಆಲಸ್ಡೇರ್ ಗ್ರೇ, ಟಾಮ್ ಲೆನರ್ಡ್, ಲಿಜ್ ಲಾಕ್‌ಹೆಡ್, ಜೇಮ್ಸ್ ಕೆಲ್ಮನ್ ಇವರು ಅದರಿಂದ ಬಂದವರು. ಗ್ರೇಯವರು ಚಿತ್ರಕಾರರೂ ಹೌದು. ಅವರು ಬರೆದ ಛಾವಣಿಯ ಚಿತ್ರವು ಗ್ಲಾಸ್ಗೋವಿನ ‘ಓರಾನ್ ಮೋರ್’ ಎಂಬ ಹಳೆಯ ದೇವಾಲಯದ ಕಟ್ಟಡದಲ್ಲಿದೆ. 1981ರ ಅವರ ‘ಲಾನಾರ್ಕ್’ ಎಂಬ ಕಾದಂಬರಿಯು ಮೂರನೆಯ ಸಂಪುಟದಿಂದ ಮೊದಲಾಗುತ್ತದೆ. ತಮ್ಮ ನಗರದಲ್ಲಿ ತಾವು ವಾಸಿಸುತ್ತಿರುವಂತೆ ಅಲ್ಲಿನ ಜನರೇ ಕಲ್ಪಿಸಿಕೊಂಡಿಲ್ಲವೆಂಬ ಅದರ ಒಂದು ವಿಚಾರವನ್ನು ಅಲ್ಲಿನ ವಿಮರ್ಶಕರು ಇಂದಿಗೂ ಸ್ಮರಿಸುತ್ತಾರೆ. ಲೆನರ್ಡರು 1969ರ ‘ಸಿಕ್ಸ್ ಗ್ಲಾಸ್ಗೋ ಪೊಯೆಮ್ಸ್’ ಎಂಬ ಚಿಕ್ಕ ಹೊತ್ತಗೆಯಲ್ಲಿ ಬೀದಿಯ ಉಚ್ಚಾರಣೆಯನ್ನು ಕಿವಿಗೆ ಕೇಳಿದಂತೆಯೇ ಅಕ್ಷರಕ್ಕಿಳಿಸಿದರು. ಆಕಾಶವಾಣಿಯ ವಾರ್ತೆಯನ್ನೋದುವವನು ಗ್ಲಾಸ್ಗೋ ಮಾತಿನಲ್ಲಿಯೇ, ಈ ಮಾತಿನಲ್ಲಿ ಓದಿದರೆ ವಾರ್ತೆಯು ಸತ್ಯವೆಂದು ಯಾರೂ ನಂಬುವುದಿಲ್ಲವೆಂದು ವಿವರಿಸುವ ಅವರ ಇನ್ನೊಂದು ಕವನವು ನಗಿಸಿ, ಅನಂತರ ಕುಟುಕುತ್ತದೆ. ಆಪ್ತವಾಕ್ಯವು ಪ್ರಮಾಣವೆಂಬ ನೈಯಾಯಿಕರ ಸಿದ್ಧಾಂತವನ್ನು ಬಲ್ಲವರು ಇಲ್ಲಿ ನಿಲ್ಲಬೇಕು. ಆಪ್ತನಾರೆಂಬುದನ್ನು ಉಚ್ಚಾರಣೆಯಿಂದಲೇ ನಿಶ್ಚಯಿಸುವ ಸಮಾಜದಲ್ಲಿ ಸತ್ಯದ ಗತಿಯೇನು?

ಇನ್ನು ಮುಖ್ಯವಿಷಯಕ್ಕೆ ಬರುವೆನು. 1946ರಲ್ಲಿ ಹುಟ್ಟಿದ ಜೇಮ್ಸ್ ಕೆಲ್ಮನ್ನರ ‘ಹೌ ಲೇಟ್ ಇಟ್ ವಾಸ್, ಹೌ ಲೇಟ್’ ಎಂಬ ಕಾದಂಬರಿಯು 1994ರಲ್ಲಿ ಬೂಕರ್ ಬಹುಮಾನವನ್ನು ಪಡೆಯಿತು. ಸ್ಕಾಟ್ಲೆಂಡಿನವರೊಬ್ಬರಿಗೆ ಆ ಬಹುಮಾನವು ದೊರೆತುದು ಅದೇ ಮೊದಲು. ತೀರ್ಪುಗಾರರಲ್ಲೊಬ್ಬರಾದ ಜೂಲಿಯಾ ನ್ಯೂಬರ್ಗರ್ ಎಂಬವರು ಇದು ನಾಚಿಕೆಗೇಡೆಂದು ಬಹಿರಂಗವಾಗಿ ಹೇಳಿದರು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಸೈಮನ್ ಜೆಂಕಿನ್ಸ್ ಎಂಬವರು ಇದನ್ನು ಸಾಹಿತ್ಯಕ್ಕೆ ಬಗೆದ ಅಪಚಾರವೆಂದು ಬರೆದರು. ಕೆಲ್ಮನ್ನರು ಬಹುಮಾನವನ್ನು ಸ್ವೀಕರಿಸುತ್ತ, ತಮ್ಮ ಸಂಸ್ಕೃತಿಗೂ ಭಾಷೆಗೂ ಇರುವ ಹಕ್ಕುಂಟೆಂದರು. ಗುಣಾಢ್ಯನ ಕಥೆಯನ್ನು ಬಲ್ಲ ನಮಗೆ ಇದು ಹೊಸ ಪ್ರಸಂಗವಲ್ಲ. ಪೈಶಾಚೀಭಾಷೆಯಲ್ಲಿ ನೆತ್ತರಿಂದ ಬರೆದ ಏಳು ಲಕ್ಷ ಗ್ರಂಥವನ್ನು ರಾಜನು ತಿರಸ್ಕರಿಸಲು, ಕವಿಯು ಕಾಡಿನ ಮೃಗಗಳಿಗೆ ಓದಿ ಹೇಳುತ್ತ ಎಲೆಯೆಲೆಯಾಗಿ ಸುಟ್ಟನೆಂದು ಕಥಾಸರಿತ್ಸಾಗರವು ಹೇಳುತ್ತದೆ. ಉಳಿದುದು ಒಂದು ಲಕ್ಷ. ಅದರ ಪೈಶಾಚೀ ಮೂಲವೂ ನಷ್ಟವಾಗಿ, ರೂಪಾಂತರಗಳು ಮಾತ್ರ ನಮ್ಮ ಕೈಯಲ್ಲಿವೆ.

ಕಥೆಯು ಸ್ವಲ್ಪದರಲ್ಲಿ ಮುಗಿಯುತ್ತದೆ. ಸ್ಯಾಮಿ ಎಂಬ ಗ್ಲಾಸ್ಗೋವಿನ ಬಡವನು, ಹಿಂದೆ ಸೆರೆಮನೆಯನ್ನು ಕಂಡವನು, ಎರಡು ದಿನ ಕುಡಿದು ಒಂದು ಸಂದಿಯಲ್ಲಿ ಎಚ್ಚರಗೊಳ್ಳುತ್ತಾನೆ. ಮಫ್ತಿಯ ಪೋಲೀಸರ ಮೇಲೆ ತಾನೇ ಕೈಮಾಡಿ ಅವರಿಂದ ಪೆಟ್ಟು ತಿನ್ನುತ್ತಾನೆ. ಪುನಃ ಎಚ್ಚರವಾದಾಗ ಪೋಲೀಸು ಕೊಠಡಿಯಲ್ಲಿದ್ದಾನೆ, ಕಣ್ಣು ಕಾಣುವುದಿಲ್ಲ. ಅಲ್ಲಿಂದ ಮುಂದಕ್ಕೆ ಅವನು ಗೋಡೆಯನ್ನು ತಡವುತ್ತ, ಹೆಜ್ಜೆಗಳನ್ನೆಣಿಸುತ್ತ ಮನೆ ಸೇರುವುದು, ನೆಲ ಒರೆಸುವ ಕೋಲನ್ನು ಕತ್ತರಿಸಿ ಊರುಗೋಲು ಮಾಡಿಕೊಳ್ಳುವುದು, ಕಚೇರಿಯಿಂದ ಕಚೇರಿಗೆ ಅಲೆಯುವುದು, ಇಷ್ಟೆ. ಅವನೊಡನಿದ್ದ ಹೆಲೆನ್ ಎಂಬ ಹೆಂಗಸು ಮನೆ ಬಿಟ್ಟು ಹೋಗಿದ್ದಾಳೆ, ತಿರುಗಿ ಬರುವುದಿಲ್ಲ. ಅವನು ಕುರುಡನೆಂಬ ಒಂದು ಮಾತನ್ನು ವೈದ್ಯನು ಬಾಯಿಬಿಟ್ಟು ಹೇಳಲೊಲ್ಲನು. ಇದು ಕಾಳಿದಾಸನ ಧೀವರನ ಸ್ಥಿತಿಯೇ; ಆದರೆ ಇಲ್ಲಿ ಉಂಗುರವಿಲ್ಲ, ರಾಜನ ಪಾರಿತೋಷಕವಿಲ್ಲ, ಕೊನೆಯಲ್ಲಿ ಕಾವಲುಗಾರರೊಡನೆ ಹೆಂಡದಂಗಡಿಗೆ ಹೋಗುವ ಸ್ನೇಹವೂ ಇಲ್ಲ. ಕಾಳಿದಾಸನು ಒಂದು ಪ್ರವೇಶಕದಲ್ಲಿ ತೋರಿಸಿ ಬಿಟ್ಟವನನ್ನು ಕೆಲ್ಮನ್ನರು ಗ್ರಂಥದ ಆದ್ಯಂತವೂ ಬಿಡುವುದಿಲ್ಲ.

ವಿಶೇಷವಿರುವುದು ನಿರೂಪಣೆಯಲ್ಲಿ. ಅಧ್ಯಾಯವಿಭಾಗವಿಲ್ಲ, ಉದ್ಧರಣಚಿಹ್ನೆಗಳಿಲ್ಲ. ಕಥೆಯು ‘ನೀನು’ ಎಂದು ಮೊದಲಾಗಿ, ಬಳಿಕ ‘ಅವನು’ ಆಗಿ, ಮತ್ತೆ ‘ನೀನು’ ಆಗುತ್ತದೆ. ಮೂರರಲ್ಲಿಯೂ ಮಾತು ಒಂದೇ, ಸ್ಯಾಮಿಯದು. ಆನಂದವರ್ಧನಾಚಾರ್ಯರು ಕವಿಯ ಸ್ವಂತ ಪ್ರೌಢೋಕ್ತಿಯನ್ನೂ ಕವಿಯಿಂದ ನಿಬದ್ಧನಾದ ವಕ್ತೃವಿನ ಪ್ರೌಢೋಕ್ತಿಯನ್ನೂ ಬೇರ್ಪಡಿಸಿರುವುದು ಪ್ರಸಿದ್ಧವಾಗಿದೆ. ಹೇಮಚಂದ್ರ, ಜಗನ್ನಾಥ ಪಂಡಿತ ಮೊದಲಾದವರು ಆ ಭೇದವು ಅನಾವಶ್ಯಕವೆಂದು ವಾದಿಸಿದರು. ಪರೀಕ್ಷೆಗೆ ಬರೆಯುವಾಗ ನನಗೆ ಆ ವಾದವು ಕೂದಲು ಸೀಳುವುದೆನಿಸಿದ್ದಿತು. ಈಗ ಹಾಗೆನಿಸುವುದಿಲ್ಲ. ಇಂಗ್ಲಿಷು ಕಾದಂಬರಿಯ ಕಥಕನು ತಾನು ಮಾತ್ರ ಶುದ್ಧಭಾಷೆಯಲ್ಲಿ ನಿಂತು ಬಡವನನ್ನು ಬಾಯಿಮಾತಿಗೆ ಇಳಿಸುವಾಗ, ಆ ಭೇದದಲ್ಲಿಯೇ ಒಂದು ತೀರ್ಪು ಅಡಗಿದೆಯೆಂಬುದು ಕೆಲ್ಮನ್ನರು ಬಹುಕಾಲದಿಂದ ಹೇಳುತ್ತಿರುವ ಮಾತು. ಅವರ ಗ್ರಂಥದಲ್ಲಿ ಕವಿಯು ವಕ್ತೃವಿಗಿಂತ ಮೇಲೆ ನಿಲ್ಲಲು ಒಂದು ಗೇಣು ಜಾಗವೂ ಇಲ್ಲ.

ಇದಕ್ಕೆ ನಮ್ಮ ಶಾಸ್ತ್ರದ ಕಡೆಯಿಂದ ಆಕ್ಷೇಪವೇಳಬಹುದು. ಲೋಕದಲ್ಲಿ ಮಾತ್ರ ಬಳಕೆಯಲ್ಲಿದ್ದು ಶಾಸ್ತ್ರದಲ್ಲಿ ಇಲ್ಲದ ಪದವು ಗ್ರಾಮ್ಯ, ಅದು ದೋಷ, ಎಂದು ವಾಮನನು ಹೇಳಿಲ್ಲವೇ? ಇಲ್ಲಿ ಗ್ರಾಮ್ಯವೂ ಉಂಟು, ಅಶ್ಲೀಲವೂ ಉಂಟು. ಒಂದು ಅಸಭ್ಯಪದವು ಸುಮಾರು 4000 ಸಲ ಬಂದಿದೆಯೆಂದು ಎಣಿಸಿದವರಿದ್ದಾರೆ. ಸಮಾಧಾನವು ಶಾಸ್ತ್ರದಲ್ಲಿಯೇ ಇದೆ. ವಕ್ತೃವಿನ ಔಚಿತ್ಯದಿಂದ ದೋಷವೂ ಗುಣವಾಗುವುದೆಂದು ಮಮ್ಮಟನೂ, ಅಧಮಪಾತ್ರಗಳ ಮಾತಿನಲ್ಲಿ ಗ್ರಾಮ್ಯತ್ವವು ಗುಣವೆಂದು ವಿಶ್ವನಾಥನೂ ಒಪ್ಪಿದ್ದಾರೆ. ಆದರೆ ಈ ಸಮಾಧಾನದಿಂದ ನನಗೆ ತೃಪ್ತಿಯಿಲ್ಲ. ಅದು ಸ್ಯಾಮಿಯನ್ನು ಅಧಮನೆಂದು ಮೊದಲೇ ನಿರ್ಣಯಿಸಿ, ಅನಂತರ ಕ್ಷಮಿಸುತ್ತದೆ. ಕೆಲ್ಮನ್ನರು ಬೇಡುತ್ತಿರುವುದು ಕ್ಷಮೆಯನ್ನಲ್ಲ.

ಅಸಭ್ಯಪದದ ವಿಚಾರವಾಗಿ ವೈಯಾಕರಣನ ಒಂದು ಮಾತು. ಒಂದು ಪದವು ಅಷ್ಟು ಸಲ ಬಂದಲ್ಲಿ ಅದಕ್ಕೆ ವಾಚ್ಯಾರ್ಥವು ಉಳಿದಿರಲಾರದು. ಯಾಸ್ಕನು ಕೆಲವು ನಿಪಾತಗಳನ್ನು ಪದಪೂರಣವೆನ್ನುತ್ತಾನೆ. ಅರ್ಥವಿಲ್ಲದೆ ಪಾದವನ್ನು ತುಂಬುವುವು. ಸ್ಯಾಮಿಯ ಬಾಯಲ್ಲಿ ಆ ಪದವು ನಮ್ಮ ‘ಖಲು’, ‘ಕಿಲ’, ‘ವೈ’ಗಳ ಪದವಿಗೆ ಸಲ್ಲುತ್ತದೆ. ಒಮ್ಮೆ ಅದು ಸಿಟ್ಟು, ಒಮ್ಮೆ ಆಯಾಸ, ಒಮ್ಮೆ ಉಸಿರೆಳೆದುಕೊಳ್ಳುವ ಅವಕಾಶ, ಮಗನ ನೆನಪು ಬಂದಾಗ ಒಮ್ಮೊಮ್ಮೆ ವಾತ್ಸಲ್ಯವೂ ಹೌದು. ಎಣಿಸಿದವರು ಎಣಿಸಿದರು, ಒಂದೊಂದು ಸಲವೂ ಅದರ ಕಾಕು ಬೇರೆಯೆಂಬುದನ್ನು ಕೇಳಲಿಲ್ಲ.

ಗ್ರಂಥದ ಹೃದಯವು, ನನ್ನ ಬುದ್ಧಿಗೆ ತೋರಿದಂತೆ, ಸರಕಾರಿ ಕಚೇರಿಯ ಒಂದು ಸಂದರ್ಭದಲ್ಲಿದೆ. ಕಣ್ಣು ಹೋಯಿತೆಂದು ಸಹಾಯಧನಕ್ಕಾಗಿ ಸ್ಯಾಮಿಯು ಹೇಳಿಕೆ ಕೊಡುತ್ತಾನೆ. ಪೋಲೀಸರು ತನಗೆ ಮಾಡಿದುದನ್ನು ಅವನು ತನ್ನ ಮಾತಿನಲ್ಲಿ ಹೇಳುತ್ತಾನೆ. ನಮ್ಮಲ್ಲಿಯಾದರೆ ‘ಚೆನ್ನಾಗಿ ಬಿಗಿದರು’ ಎನ್ನುವೆವಲ್ಲ, ಅಂತಹ ಮಾತು. ಅಧಿಕಾರಿಯು ಆ ಮಾತನ್ನು ಉದ್ಧರಣವೆಂದು ಸ್ಪಷ್ಟವಾಗಿ ಗುರುತುಮಾಡಿ ಬರೆದಿರುವುದಾಗಿಯೂ, ಅದು ಆಡುಮಾತಾದುದರಿಂದ ಅರ್ಜಿಯನ್ನು ನೋಡುವ ಎಲ್ಲರಿಗೂ ತಿಳಿಯಲಾರದೆಂದು ‘ಶಾರೀರಿಕತಾಡನ’ವೆಂಬಂತಹ ಪದದಿಂದ ವಿವರಿಸಿರುವುದಾಗಿಯೂ ಬಹು ಸೌಜನ್ಯದಿಂದ ತಿಳಿಸುತ್ತಾರೆ. ಸ್ಯಾಮಿಯು ತನ್ನ ಮಾತು ತನ್ನನ್ನು ಸಿಕ್ಕಿಹಾಕಿಸುವುದೆಂದು ಹೆದರಿ ಅದನ್ನು ಹಿಂದೆಗೆದುಕೊಳ್ಳಲು ಹೆಣಗುತ್ತಾನೆ. ಒಮ್ಮೆ ಬರೆದುದು ಹೋಗುವುದಿಲ್ಲ. ಇದಕ್ಕಿಂತ ಶುದ್ಧವಾದ ಛಾಯಾಕರಣವನ್ನು ನಾನು ಎಲ್ಲಿಯೂ ಕಂಡಿಲ್ಲ. ಮೇಲೆ ಉದ್ಧರಣಚಿಹ್ನೆಯೊಳಗೆ ಪ್ರಾಕೃತ, ಕೆಳಗೆ ಸಂಸ್ಕೃತ. ತೀರ್ಪು ನಡೆಯುವುದು ಕೆಳಗಿನದರ ಮೇಲೆ. ಕಾದಂಬರಿಯು ಉದ್ಧರಣಚಿಹ್ನೆಯನ್ನು ಏಕೆ ಬಿಟ್ಟಿತೆಂಬುದಕ್ಕೆ ಇಲ್ಲಿ ಕಾರಣವು ಸಿಕ್ಕುತ್ತದೆ. ಗ್ರಂಥವನ್ನು ಮುಂದೆ ನಿಂದಿಸಲಿರುವವರ ವ್ಯವಹಾರವೂ ಗ್ರಂಥದೊಳಗೆ ಮೊದಲೇ ಬರೆದಿಟ್ಟಂತಾಯಿತು.

ದೋಷಗಳಿಲ್ಲವೆಂದಲ್ಲ. ಒಬ್ಬನ ಕಿವಿಯೊಳಗೇ ಇಡೀ ಗ್ರಂಥವನ್ನು ಕೂಡಿಹಾಕಿದುದರಿಂದ ಇತರರು ನೆರಳುಗಳಾಗಿದ್ದಾರೆ. ಹೆಲೆನ್ ಏಕೆ ಹೋದಳೆಂಬುದನ್ನು ಅವಳ ಬಾಯಿಂದ ಕೇಳಲು ನಾನು ಕಾದೆನು. ಆ ಅವಕಾಶವು ಬರಲಿಲ್ಲ. ಧೀವರನಿಗೆ ಮಾತು ಬಂದಿತು, ಧೀವರನ ಹೆಂಡತಿಗೆ ಬರಲಿಲ್ಲ. ವೈದ್ಯನೂ ಅಧಿಕಾರಿಗಳೂ ಒಂದೇ ಅಚ್ಚಿನಿಂದ ಬಂದವರಂತಿದ್ದಾರೆ. ಓದುವುದೂ ಕಷ್ಟ, ನನಗೆ ಮೊದಲ ಐವತ್ತು ಪುಟಗಳಿಗೆ ಒಂದು ವಾರ ಹಿಡಿಯಿತು. ಬಾಯಿಬಿಟ್ಟು ಓದತೊಡಗಿದ ಮೇಲೆ ಸುಗಮವಾಯಿತೆಂಬುದನ್ನು ಇತರರ ಪ್ರಯೋಜನಕ್ಕಾಗಿ ತಿಳಿಸುತ್ತೇನೆ. ನಂಜನಗೂಡಿನ ಸೀಮೆಯ ಮಾತಿನಲ್ಲಿಯೇ ನಿರೂಪಣೆಯನ್ನೂ ನಡೆಸಿದ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಓದಿದವರಿಗೆ ಈ ಅನುಭವವು ಹೊಸದಾಗಿರಲಾರದು.

ಕೆಲ್ಮನ್ನರ ಬಳಿಕ ಈ ದಾರಿಯು ರಾಜಮಾರ್ಗವಾಯಿತೇ ಎಂದರೆ, ಪೂರ್ತಿಯಾಗಿ ಅಲ್ಲ. ಅರ್ವಿನ್ ವೆಲ್ಷರ ‘ಟ್ರೇನ್‌ಸ್ಪಾಟಿಂಗ್’ (1993) ಎಡಿನ್‌ಬರೋ ನಗರದ ಲೀತ್ ಕೇರಿಯ ಮಾತಿನಲ್ಲಿ ಹಲವರು ಸರದಿಯಂತೆ ಹೇಳುವ ಕಥೆ. 1996ರ ಚಲನಚಿತ್ರದಿಂದ ಲೋಕವಿಖ್ಯಾತವಾಯಿತು. ಅದರಲ್ಲಿ ಶಕ್ತಿಯಿದೆ, ಆದರೆ ಮಾತು ಅಲ್ಲಲ್ಲಿ ವೇಷವಾಗಿ, ನೋಡುವವರಿಗಾಗಿ ಕುಣಿಯುತ್ತದೆಂದು ನನಗನಿಸಿತು. 2020ರಲ್ಲಿ ಬೂಕರ್ ಬಹುಮಾನವು ಎರಡನೆಯ ಸಲ ಸ್ಕಾಟರೊಬ್ಬರಿಗೆ, ಡಗ್ಲಸ್ ಸ್ಟುವರ್ಟರ ‘ಷಗಿ ಬೇನ್’ ಎಂಬುದಕ್ಕೆ, ದೊರೆಯಿತು. ಕುಡಿತದಿಂದ ಹಾಳಾಗುವ ತಾಯಿಯನ್ನು ಕಾಯುವ ಹುಡುಗನ ಕಥೆ ಅದು. ಕರುಣರಸದಲ್ಲಿ ಕೆಲ್ಮನ್ನರ ಗ್ರಂಥವನ್ನು ಮೀರಿಸಿದೆ, ಹೆಂಗಸಿಗೂ ಅಲ್ಲಿ ಮಾತುಂಟು. ಆದರೆ ಭಾಷಾವಿಧಾನವು ಮರಳಿ ಭರತನದೇ: ಕಥಕನದು ಶುದ್ಧ ಇಂಗ್ಲಿಷು, ಪಾತ್ರಗಳದು ಗ್ಲಾಸ್ಗೋ ಮಾತು. ಈ ಸಲ ಬಹುಮಾನದ ವಿಷಯದಲ್ಲಿ ಯಾರೂ ನಾಚಿಕೆಗೇಡೆಂದು ಕೂಗಲಿಲ್ಲ. ಲೋಕದ ಅಭಿರುಚಿಯು ಉದಾರವಾಯಿತೆಂದು ಹೇಳುವವರಿದ್ದಾರೆ. ಬೇಲಿಯು ಮತ್ತೆ ಎದ್ದುದರಿಂದ ನೆಮ್ಮದಿಯಾಯಿತೆಂದೂ ಹೇಳಬಹುದು. ಅದೇ ವರ್ಷದ ಗ್ರೇಮ್ ಆರ್ಮ್‌ಸ್ಟ್ರಾಂಗರ ‘ದಿ ಯಂಗ್ ಟೀಮ್’ ಮಾತ್ರ ಪುಂಡಹುಡುಗನೊಬ್ಬನ ಬಾಯಿಂದ ಅವನ ಮಾತಿನಲ್ಲಿಯೇ ಪೂರ್ತಿಯಾಗಿ ಬಂದಿದೆ.

ಇದೇ ಪ್ರಶ್ನೆಯನ್ನು ಸಂಗೀತದಲ್ಲಿ ಬೇರೆ ರೀತಿಯಿಂದ ಬಿಡಿಸಿದವರೊಬ್ಬರಿದ್ದಾರೆ. 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಸ್ಕಾಟಿಷ್ ಅಧ್ಯಯನಸಂಸ್ಥೆಯು ಸ್ಥಾಪಿತವಾಗಿ, ಹ್ಯಾಮಿಷ್ ಹೆಂಡರ್ಸನ್ ಮೊದಲಾದವರು ಧ್ವನಿಗ್ರಹಣಯಂತ್ರವನ್ನು ಹೊತ್ತು ಹಳ್ಳಿಗಳಲ್ಲಿಯೂ ಅಲೆಮಾರಿಗಳ ಬಿಡಾರಗಳಲ್ಲಿಯೂ ಹಾಡುಗಳನ್ನು ಸಂಗ್ರಹಿಸಿದರು. 1953ರಲ್ಲಿ ಹೆಂಡರ್ಸನ್ನರು ಅಬರ್ಡೀನ್ ನಗರದಲ್ಲಿ ಕಂಡ ಜೀನಿ ರಾಬರ್ಟ್‌ಸನ್ ಎಂಬಾಕೆಯು ಅಲೆಮಾರಿಕುಲದವಳು. ಆಕೆಯಂತಹ ಗಾಯಕಿಯು ಆ ನಾಡಿನಲ್ಲಿ ಮತ್ತೊಬ್ಬಳಿಲ್ಲವೆನ್ನುತ್ತಾರೆ. ಹಿಂದಿನ ಕಾಲದ ಸಂಗ್ರಾಹಕರು ಹಾಡನ್ನು ಬರೆದುಕೊಂಡು, ತಿದ್ದಿ, ಸಭ್ಯಮಾಡಿ ಅಚ್ಚುಹಾಕಿಸುತ್ತಿದ್ದರು. ಯಂತ್ರಕ್ಕೆ ತಿದ್ದಲು ಬರುವುದಿಲ್ಲವಾಗಿ ಕಂಠವು ಹಾಗೆಯೇ ಉಳಿಯಿತು.

ಮಾರ್ಟಿನ್ ಬೆನೆಟ್ ಎಂಬ ತರುಣರು ಚೀಲಕೊಳಲಿನಲ್ಲಿಯೂ ಪಿಟೀಲಿನಲ್ಲಿಯೂ ನಿಪುಣರು, ಶಾಸ್ತ್ರೀಯ ಶಿಕ್ಷಣವನ್ನು ಪಡೆದವರು. ಅರ್ಬುದರೋಗದಿಂದ ನುಡಿಸುವ ಶಕ್ತಿಯು ಹೋದಾಗ, ಹಳೆಯ ಕಂಠಗಳ ಧ್ವನಿಮುದ್ರಿಕೆಗಳನ್ನು ತೆಗೆದುಕೊಂಡು ಅವುಗಳ ಸುತ್ತ ನೃತ್ಯಶಾಲೆಯ ಯಂತ್ರವಾದ್ಯಗಳ ತಾಳವನ್ನು ಕಟ್ಟಿ ‘ಗ್ರಿಟ್’ ಎಂಬ ಮುದ್ರಿಕೆಯನ್ನು 2003ರಲ್ಲಿ ಹೊರತಂದರು, 2005ರಲ್ಲಿ ತೀರಿಕೊಂಡರು. ಅಲೆಮಾರಿಗಳನ್ನು ಊರಿಂದೂರಿಗೆ ಓಡಿಸುವ ಹಾಡನ್ನು ಅದೇ ಕುಲದ ಷೀಲಾ ಸ್ಟುವರ್ಟ್ ಎಂಬಾಕೆಯು ಅದರಲ್ಲಿ ಹಾಡುತ್ತಾಳೆ. ಚೀಲಕೊಳಲಿನ ಪಾಠವನ್ನು ಬಾಯಿಯಿಂದಲೇ ಹೇಳಿಕೊಡುವ ‘ಕಾಂಟರಾಹ್ಕ್’ ಎಂಬ ಸ್ವರಾಕ್ಷರಪದ್ಧತಿಯೂ ಒಂದೆಡೆ ಕೇಳಬರುತ್ತದೆ. ನಮ್ಮ ಮೃದಂಗದ ಕೊನಗೋಲನ್ನು ಬಲ್ಲವರಿಗೆ ಆಪ್ತವಾದೀತು. ಯಂತ್ರವಾದ್ಯದ ಗದ್ದಲವು ನನಗೆ ರುಚಿಸಲಿಲ್ಲವೆಂದು ಹೇಳಿಬಿಡುವುದು ಒಳ್ಳೆಯದು. ಆದರೂ ಗಮನಿಸಬೇಕಾದುದೇನೆಂದರೆ, ಕಂಠವನ್ನು ಅವರು ಶ್ರುತಿಗೆ ಬಗ್ಗಿಸಲಿಲ್ಲ. ಮಿಕ್ಕುದೆಲ್ಲವನ್ನೂ ಕಂಠಕ್ಕೆ ಬಗ್ಗಿಸಿದರು. ಅಜ್ಜಿಯ ಉಸಿರು ಎಲ್ಲಿ ತಡೆಯುವುದೋ ತಾಳವು ಅಲ್ಲಿ ಕಾಯುತ್ತದೆ. ಕೆಲ್ಮನ್ನರ ವಾಕ್ಯವು ಮಾಡುವುದೂ ಇದನ್ನೇ.

ಗೇಲಿಕ್ಕಿನ ವಿಷಯವು ಇನ್ನೂ ಕಠಿಣ. ಸೋರ್ಲಿ ಮೆಕ್ಲೇನ್ ಎಂಬ ಮಹಾಕವಿಯು (1911–1996) ರಾಸೆ ದ್ವೀಪದವರು. ಒಡೆಯರು ಕುರಿಗಳಿಗಾಗಿ ಒಕ್ಕಲನ್ನೆಬ್ಬಿಸಿ ಬರಿದುಮಾಡಿದ ಹಳ್ಳಿಯನ್ನು ಕುರಿತ ಅವರ ‘ಹಾಲಗ್’ ಎಂಬ ಕವನವು ಹೆಸರಾದುದು. ಮೂಲದ ಎದುರಿನ ಪುಟದಲ್ಲಿ ಕವಿಯದೇ ಇಂಗ್ಲಿಷು ಅನುವಾದವಿರುತ್ತದೆ. ನಾನು ಓದಿದುದು ಆ ಪುಟವನ್ನು. ಗೇಲಿಕ್ ಕವಿಗಳಲ್ಲಿ ಬಹುಮಂದಿ ಹೀಗೆ ತಮ್ಮ ಛಾಯೆಯನ್ನು ತಾವೇ ಬರೆಯಬೇಕಾಗಿದೆ, ಇಲ್ಲದಿದ್ದರೆ ಓದುವವರಿಲ್ಲ. ಬರೆದರೆ ಓದುಗನು ಬಲಗಡೆಯ ಪುಟದಲ್ಲಿಯೇ ನಿಂತುಬಿಡುತ್ತಾನೆ. 2024ರಲ್ಲಿ ರಾಷ್ಟ್ರಕವಿಯ ಸ್ಥಾನಕ್ಕೆ ಲೂಯಿಸ್ ದ್ವೀಪದ ಪೀಟರ್ ಮೆಕ್ಕೇ ಎಂಬ ಗೇಲಿಕ್ ಕವಿಗಳು ಬಂದಿದ್ದಾರೆ. ಗೇಲಿಕ್ಕಿನಲ್ಲಿ ಬರೆಯುವವರು ಆ ಸ್ಥಾನಕ್ಕೆ ಬಂದುದು ಅದೇ ಮೊದಲು. 2025ರಲ್ಲಿ ಸ್ಕಾಟ್ಲೆಂಡಿನ ಶಾಸನಸಭೆಯು ಗೇಲಿಕ್, ಸ್ಕಾಟ್ಸ್ ಎರಡಕ್ಕೂ ಅಧಿಕೃತಸ್ಥಾನವನ್ನು ಕೊಟ್ಟಿತು. ಸಂತೋಷದ ವಿಷಯವೇ. ಆದರೆ ಅಧಿಕೃತವಾದ ಸ್ಕಾಟ್ಸಿಗೆ ಕಾಗುಣಿತದ ಕಟ್ಟಳೆ ಬಂದು, ಶಾಲೆಯಲ್ಲಿ ಅದಕ್ಕೂ ಕೆಂಪುಶಾಯಿಯ ಗೀಟು ಬಿದ್ದಲ್ಲಿ, ಸ್ಯಾಮಿಯ ಮಾತು ಆ ಪುಸ್ತಕದಲ್ಲಿಯೂ ಗ್ರಾಮ್ಯವಾಗಿಯೇ ಉಳಿದೀತು.

ಛಾಯೆಯ ವಿಷಯದಲ್ಲಿ ಒಂದು ಹೊಸ ಪ್ರಯೋಗವನ್ನು ಹೇಳಿ ಮುಗಿಸುವೆನು. ಹ್ಯಾರಿ ಜೋಸೆಫೀನ್ ಗೈಲ್ಸ್ ಎಂಬ ಕವಿಗಳು 2021ರಲ್ಲಿ ‘ಡೀಪ್ ವೀಲ್ ಆರ್ಕೇಡಿಯಾ’ ಎಂಬ ಪದ್ಯಕಾದಂಬರಿಯನ್ನು ಆರ್ಕ್ನಿ ದ್ವೀಪಗಳ ಸ್ಕಾಟ್ಸಿನಲ್ಲಿ ಬರೆದರು. ಕಥೆಯು ನಡೆಯುವುದು ದೂರದ ಅಂತರಿಕ್ಷದ ಒಂದು ನೆಲೆಯಲ್ಲಿ; ಹಳ್ಳಿಯ ಮಾತು ಹಿಂದಿನದೆಂಬ ಭ್ರಾಂತಿಯನ್ನು ಇದಕ್ಕಿಂತ ಸುಲಭವಾಗಿ ಕಳೆಯಲಾಗದು. 2022ರಲ್ಲಿ ಅದಕ್ಕೆ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯು ಬಂದಿತು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷು ಛಾಯೆಯಿದೆ. ಆದರೆ ಒಂದು ಆರ್ಕ್ನಿ ಪದಕ್ಕೆ ಒಂದು ಇಂಗ್ಲಿಷು ಪದವು ಸಾಲದಾದಲ್ಲೆಲ್ಲ ಮೂರು ನಾಲ್ಕು ಪದಗಳನ್ನು ಬಿಡುವಿಲ್ಲದೆ ಬೆಸೆದುಬಿಟ್ಟಿದ್ದಾರೆ. ನಮ್ಮ ‘ಬೇಸರ’ವೆಂಬುದಕ್ಕೆ ಛಾಯಾಕಾರನು ‘ಖೇದಶ್ರಮೌದಾಸೀನ್ಯ’ವೆಂದು ಬರೆದಂತೆ. ಓದುಗನು ಅಲ್ಲಿ ಎಡವುತ್ತಾನೆ, ಎಡವಿ ಮೇಲಿನ ಮೂಲವನ್ನು ನೋಡುತ್ತಾನೆ. ಅದಕ್ಕಾಗಿಯೇ ಹಾಗೆ ಬರೆದುದು. ಇಂತಹ ಛಾಯೆಯೊಡನೆ ಶಾಕುಂತಲದ ಆರನೆಯ ಅಂಕವನ್ನು ಯಾರಾದರೂ ಅಚ್ಚುಹಾಕಿಸುವುದಾದರೆ, ಧೀವರನ ಆ ನಾಲ್ಕು ಪುಟಗಳನ್ನು ಮೊದಲ ಸಲ ಓದುವವನಂತೆ ಓದಲು ನಾನು ಸಿದ್ಧನಾಗಿದ್ದೇನೆ.